ಖಾತೆ ತೆರೆಯುವ ಮೊದಲು ಪೇಟೆ ತಿಳಿಯೋಣ

ಕಳೆದ ವರ್ಷ ರಂಜಾನ್ ಹಬ್ಬದ ಮರುದಿನ ಲಕ್ಷ್ಮೇಶ್ವರದ ಚಾಚಾ ಅವರ ಮನೆಗೆ ಹೋಗಿದ್ದೆವು. ಸುರಕುಂಬಾ ಇತ್ತು, ನೆಂಟರಿದ್ದರು, ಆದರೆ ಮನೆಯಲ್ಲಿ ಹಬ್ಬದ ಕಳೆ ಇರಲಿಲ್ಲ. ಚಾಚಾ ಅವರ ಮಗ, ನಾನು ಭಾಯಿ ಎಂದು ಕರೆಯುವ ಅಣ್ಣ, ತಂಗಿಯ ನರ್ಸಿಂಗ್ ಕೋರ್ಸಿಗೆಂದು ಮನೆಯವರು ಕೂಡಿಟ್ಟಿದ್ದ ಹಣದಲ್ಲಿ 84,000 ರೂಪಾಯಿಯನ್ನು ನಾಲ್ಕೇ ತಿಂಗಳಲ್ಲಿ ಮೊಬೈಲ್ ಮೇಲೆ ಕಳೆದಿದ್ದ. ಮೊದಲ ವಾರ 3,200 ರೂಪಾಯಿ ಲಾಭ ಬಂದಿತ್ತಂತೆ. ಆ ಲಾಭವೇ ಅವನನ್ನು ಮುಂದಕ್ಕೆ ಎಳೆದುಕೊಂಡು ಹೋಯಿತು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ತಿಳಿದುಕೊಳ್ಳುವ ಆಸೆಯಿಂದ ಕೇಳಿದೆ: "ಭಾಯಿ, ಯಾವ ಕಂಪನಿಯ ಷೇರು ತಗೊಂಡಿದ್ದಿ?" ಅವನು ಹೇಳಿದ: "ಕಂಪನಿ ಅಲ್ಲ, ನಿಫ್ಟಿ ತಗೊಂಡಿದ್ದೆ." ನಿಫ್ಟಿ ಅಂದರೇನು ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ತಾನು ಕೊಂಡದ್ದು ಷೇರಲ್ಲ, ನಿಗದಿತ ದಿನಕ್ಕೆ ಮುಗಿದುಹೋಗುವ ಒಂದು ಕರಾರು ಎಂಬುದು ಹಣ ಹೋದ ಮೇಲೂ ಅವನಿಗೆ ಪೂರ್ತಿ ತಿಳಿದಿರಲಿಲ್ಲ. ಅವನಿಗೆ ಯಾರೂ ಮೋಸ ಮಾಡಿರಲಿಲ್ಲ. ಪೇಟೆ ತನ್ನ ನಿಯಮದಂತೆಯೇ ನಡೆದಿತ್ತು. ಆ ನಿಯಮ ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ನಮ್ಮ ಕಾಲೇಜಿನಲ್ಲಿಯೂ ಷೇರುಪೇಟೆಯ ಬಗ್ಗೆ ಎರಡು ಮಾತು ಕೇಳಿಬರುತ್ತವೆ. "ಅದೆಲ್ಲಾ ಜೂಜು, ಅದರ ಹತ್ತಿರ ಹೋಗಬಾರದು" ಎಂಬುದು ಮನೆಯ ಹಿರಿಯರ ಮಾತು. "ದಿನಕ್ಕೆ ಸಾವಿರ ರೂಪಾಯಿ ಆರಾಮಾಗಿ ಗಳಿಸಬಹುದು" ಎಂಬುದು ಬಸ್ಸಿನಲ್ಲಿ ಮುಂಡರಗಿ, ಶಿರಹಟ್ಟಿಯಿಂದ ಜೊತೆಗೆ ಬರುವ ಗೆಳೆಯರ ಮಾತು. ಇಬ್ಬರೂ ಪೇಟೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಿದವರಲ್ಲ. ಖಾತೆ ತೆರೆಯುವ ಮೊದಲು ಆ ಒಳಗನ್ನು ನೋಡಬೇಕು, ಕಾಲೇಜು ಅದನ್ನು ನಮಗೆ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮೂರಿನ ಪೇಟೆಯಿಂದಲೇ ಶುರು ಮಾಡೋಣ

ನಮ್ಮ ಅಬ್ಬಾ ಗದಗ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಚಿಕ್ಕವಳಿದ್ದಾಗ ಅವರ ಜೊತೆ ಹೋಗಿ ಹೆಸರು, ಶೇಂಗಾ, ಹತ್ತಿಯ ರಾಶಿಗಳನ್ನು ನೋಡಿದ್ದೇನೆ. ಮೊದಲು ಕೂಗಿ ಲಿಲಾವು ಮಾಡುತ್ತಿದ್ದರಂತೆ. 2014ರಿಂದ ಕರ್ನಾಟಕದ ಮಾರುಕಟ್ಟೆಗಳಿಗೆ ಏಕೀಕೃತ ಆನ್‌ಲೈನ್ ವೇದಿಕೆ ಬಂತು. ರಾಜ್ಯ ಸರ್ಕಾರದ ಸಹಭಾಗಿತ್ವದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ ಅದನ್ನು ನಡೆಸುತ್ತದೆ. ರೈತನ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಬಂದು ಮಾಲು ನೋಡಿ ಕಂಪ್ಯೂಟರಿನಲ್ಲಿ ತಮ್ಮ ಧಾರಣೆ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸಮಯ ಮುಗಿದ ಮೇಲೆ ಹೆಚ್ಚು ಬರೆದವರ ಹೆಸರು ಬರುತ್ತದೆ. ಆ ಧಾರಣೆ ರೈತನಿಗೆ ಒಪ್ಪಿಗೆಯಾಗದಿದ್ದರೆ ಮಾಲು ಕೊಡದೆ ಇರಬಹುದು. ಒಪ್ಪಿದರೆ ತೂಕ, ಪಟ್ಟಿ, ಹಣ.

ಇದರಲ್ಲಿ ಒಂದು ಮಾತು ಗಮನಿಸಬೇಕು. ಬೆಲೆ ಗೊತ್ತಾಗುವುದು ಒಂದು ಕೆಲಸ, ತೂಕ ಸರಿಯಾಗಿ ಆಗುವುದು ಇನ್ನೊಂದು, ಹಣ ಕೈಗೆ ಬರುವುದು ಮತ್ತೊಂದು. ಮೂರೂ ಸರಿಯಾಗಿ ನಡೆದರೆ ಮಾತ್ರ ರೈತ ಮರುದಿನ ಮತ್ತೆ ಆ ಪೇಟೆಗೆ ಬರುತ್ತಾನೆ. ಷೇರುಪೇಟೆಯಲ್ಲಿ ಇರುವುದೂ ಇದೇ ಮೂರು ಕೆಲಸ.

ಷೇರಿಗೆ ಪೇಟೆ ಏಕೆ ಬೇಕು?

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಹೆಸರು ನಮಗೆಲ್ಲಾ ಗೊತ್ತು. ಅಲ್ಲಿಯೂ ಸದಸ್ಯರು ಷೇರು ಹಣ ಹಾಕುತ್ತಾರೆ. ಆದರೆ ಸಹಕಾರ ಸಂಘದ ಷೇರನ್ನು ಪೇಟೆಯಲ್ಲಿ ದಿನದ ಬೆಲೆಗೆ ಯಾರಿಗಾದರೂ ಮಾರುವಂತಿಲ್ಲ. ದೊಡ್ಡ ಕಂಪನಿಯ ವಿಷಯ ಬೇರೆ. ಕಾರ್ಖಾನೆ ಕಟ್ಟಲು ಅದಕ್ಕೆ ಇಪ್ಪತ್ತು ವರ್ಷದವರೆಗೆ ಹಣ ಬೇಕು. ಹಣ ಹಾಕಿದವರಿಗೋ ಮಗಳ ಮದುವೆಗೆ, ಆಸ್ಪತ್ರೆಗೆ ಯಾವಾಗ ಬೇಕಾದರೂ ಹಣ ಬೇಕಾಗಬಹುದು. ಕಂಪನಿ ಹಣ ಹಿಂದಿರುಗಿಸದೆಯೇ ಹೂಡಿಕೆದಾರ ತನ್ನ ಪಾಲನ್ನು ಇನ್ನೊಬ್ಬರಿಗೆ ಮಾರಿ ಹೊರಬರುವ ಜಾಗವೇ ಷೇರು ವಿನಿಮಯ ಕೇಂದ್ರ.

ಮುಂಬೈ ಷೇರುಪೇಟೆ 1875ರಲ್ಲಿ ದಲ್ಲಾಳಿಗಳ ಸಂಘವಾಗಿ ಹುಟ್ಟಿತು. ನಮ್ಮ ರಾಜ್ಯದಲ್ಲಿ 1963ರಲ್ಲಿ ಬೆಂಗಳೂರು ಷೇರು ವಿನಿಮಯ ಕೇಂದ್ರ ಬಂತು. ಆಗ ಒಂದೇ ಷೇರಿಗೆ ಮುಂಬೈಯಲ್ಲಿ ಒಂದು ಬೆಲೆ, ಬೆಂಗಳೂರಿನಲ್ಲಿ ಇನ್ನೊಂದು ಬೆಲೆ ಇರುವುದು ಸಾಮಾನ್ಯ. ದಲ್ಲಾಳಿಗಳೇ ಪೇಟೆಯ ಒಡೆಯರು, ದಲ್ಲಾಳಿಗಳೇ ವ್ಯಾಪಾರಿಗಳು, ತಪ್ಪು ಮಾಡಿದವರನ್ನು ವಿಚಾರಿಸುವವರೂ ಅವರೇ.

ಇದನ್ನು ಬದಲಿಸಿದ್ದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ. ಅದು ಕಂಪನಿಯಾಗಿ ನೋಂದಣಿಯಾದದ್ದು 1992ರ ನವೆಂಬರ್‌ನಲ್ಲಿ. ಅದೇ ವರ್ಷ ಹರ್ಷದ್ ಮೆಹ್ತಾ ಹಗರಣ ದೇಶವನ್ನು ನಡುಗಿಸಿತ್ತು. ಸೆಬಿಗೆ ಕಾನೂನಿನ ಬಲ ಸಿಕ್ಕಿದ್ದೂ 1992ರಲ್ಲಿಯೇ. 1994ರ ನವೆಂಬರ್‌ನಲ್ಲಿ ಎನ್‌ಎಸ್‌ಇಯಲ್ಲಿ ಷೇರು ವ್ಯಾಪಾರ ಶುರುವಾಯಿತು. ಕೂಗುವ ಕಟ್ಟೆ ಇರಲಿಲ್ಲ, ಉಪಗ್ರಹದ ಮೂಲಕ ಊರೂರಿನ ಕಂಪ್ಯೂಟರುಗಳು ಜೋಡಣೆಯಾಗಿದ್ದವು. ಒಡೆತನ ಬ್ಯಾಂಕು, ವಿಮಾ ಸಂಸ್ಥೆಗಳದ್ದು, ವ್ಯಾಪಾರ ಬ್ರೋಕರುಗಳದ್ದು ಎಂದು ಮೊದಲ ದಿನದಿಂದಲೇ ಬೇರೆ ಮಾಡಲಾಗಿತ್ತು. ಮುಂಬೈ ಷೇರುಪೇಟೆ ಈ ದಾರಿಗೆ ಬಂದು ಕಂಪನಿಯಾದದ್ದು 2005ರಲ್ಲಿ. ಸಣ್ಣ ಪ್ರಾದೇಶಿಕ ಪೇಟೆಗಳಿಗೆ ವ್ಯಾಪಾರವೇ ಉಳಿಯಲಿಲ್ಲ. ವರ್ಷಕ್ಕೆ 1,000 ಕೋಟಿ ರೂಪಾಯಿ ವಹಿವಾಟು ಇಲ್ಲದ ಪೇಟೆಗಳು ಮುಚ್ಚಿಕೊಳ್ಳಬಹುದು ಎಂದು ಸೆಬಿ 2012ರಲ್ಲಿ ದಾರಿ ಮಾಡಿಕೊಟ್ಟಿತು. 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಷೇರುಪೇಟೆಯ ಬಾಗಿಲೂ ಮುಚ್ಚಿತು. ಇಂದು ಬೆಟಗೇರಿಯಲ್ಲಿ ಕುಳಿತವರಿಗೂ ಮುಂಬೈಯಲ್ಲಿ ಕುಳಿತವರಿಗೂ ಕಾಣುವ ಬೆಲೆ ಒಂದೇ.

ಬಟನ್ ಒತ್ತಿದಾಗ ಏನಾಗುತ್ತದೆ?

ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಸಾಮಾನ್ಯ ವ್ಯಾಪಾರ. ಮಾರುವವರ ಬೆಲೆಗಳು ಒಂದು ಕಡೆ, ಕೊಳ್ಳುವವರ ಬೆಲೆಗಳು ಇನ್ನೊಂದು ಕಡೆ ಸಾಲಾಗಿ ನಿಂತಿರುತ್ತವೆ. ಎಪಿಎಂಸಿಯಲ್ಲಿ ಪ್ರತಿ ಲಾಟ್ ಬೇರೆ ಬೇರೆ, ಅದಕ್ಕೇ ಮಾಲು ನೋಡಬೇಕು. ಒಂದು ಕಂಪನಿಯ ಷೇರುಗಳೆಲ್ಲಾ ಒಂದೇ ರೀತಿ, ಆದ್ದರಿಂದ ನೋಡುವ ಅಗತ್ಯವಿಲ್ಲ. ಬೆಲೆ ಮತ್ತು ಸರದಿ ಎರಡೇ ಸಾಕು. ಹೆಚ್ಚು ಬೆಲೆ ಕೊಡುವ ಕೊಳ್ಳುವವನಿಗೆ, ಕಡಿಮೆ ಬೆಲೆ ಕೇಳುವ ಮಾರುವವನಿಗೆ ಮೊದಲ ಅವಕಾಶ. ಬೆಲೆ ಒಂದೇ ಇದ್ದರೆ ಮೊದಲು ಬಂದವರು ಮೊದಲು.

ಒಂದು ಲೆಕ್ಕ ಮಾಡೋಣ. ಒಂದು ಷೇರಿಗೆ ಮಾರುವವರ ಸಾಲಿನಲ್ಲಿ 250.10ಕ್ಕೆ 100 ಷೇರು, 250.15ಕ್ಕೆ 200 ಷೇರು ಇವೆ. ಕೊಳ್ಳುವವರ ಸಾಲಿನಲ್ಲಿ 250.00ಕ್ಕೆ 150 ಷೇರು ಕಾಯುತ್ತಿವೆ. ನೀವು "ಸಿಕ್ಕ ಬೆಲೆಗೆ 250 ಷೇರು ಕೊಡಿ" ಎಂದರೆ, ಅಂದರೆ ಮಾರ್ಕೆಟ್ ಆರ್ಡರ್ ಹಾಕಿದರೆ, 100 ಷೇರು 250.10ಕ್ಕೂ 150 ಷೇರು 250.15ಕ್ಕೂ ಬರುತ್ತವೆ. ಒಟ್ಟು 62,532.50 ರೂಪಾಯಿ, ಸರಾಸರಿ 250.13. "250.00ಕ್ಕಿಂತ ಹೆಚ್ಚು ಕೊಡುವುದಿಲ್ಲ" ಎಂದು ಲಿಮಿಟ್ ಆರ್ಡರ್ ಹಾಕಿದರೆ ಮೊದಲೇ ನಿಂತಿರುವ 150 ಷೇರಿನ ಹಿಂದೆ ನಿಮ್ಮ ಸರದಿ. ಸಿಗಬಹುದು, ಸಿಗದೆಯೂ ಇರಬಹುದು. ಮೊಬೈಲಿನಲ್ಲಿ ಕಾಣುವ ಬೆಲೆ ಹಿಂದಿನ ವ್ಯಾಪಾರದ ಬೆಲೆ ಮಾತ್ರ, ನಿಮಗೆ ಸಿಗುವ ಬೆಲೆಯ ಭರವಸೆ ಅಲ್ಲ. ಈ ಒಂದು ಲೆಕ್ಕ ಕಲಿಯಲು ಹತ್ತು ನಿಮಿಷ ಸಾಕು. ಭಾಯಿಗೆ ಈ ಹತ್ತು ನಿಮಿಷದ ಪಾಠ ಯಾರೂ ಮಾಡಿರಲಿಲ್ಲ.

ನಾಲ್ಕು ಕೈಗಳು

ವ್ಯಾಪಾರ ಕುದುರಿದ ಮೇಲೆ ಕೆಲಸ ಮುಗಿಯಲಿಲ್ಲ. ನಮ್ಮ ಹಣ, ಷೇರು ನಾಲ್ಕು ಕೈಗಳ ಮೂಲಕ ಹೋಗುತ್ತವೆ. ಮೊದಲನೆಯದು ಬ್ರೋಕರ್: ನಮ್ಮ ಆರ್ಡರನ್ನು ಪೇಟೆಗೆ ಮುಟ್ಟಿಸುವವರು. ಮೊಬೈಲ್ ಆ್ಯಪ್ ಅವರದ್ದೇ. ಎರಡನೆಯದು ವಿನಿಮಯ ಕೇಂದ್ರ: ಆರ್ಡರುಗಳನ್ನು ಹೊಂದಿಸುವ ಜಾಗ. ಮೂರನೆಯದು ಕ್ಲಿಯರಿಂಗ್ ಕಾರ್ಪೊರೇಷನ್: ಇದು ಮಾರುವವನಿಗೆ ಕೊಳ್ಳುವವನಾಗಿ, ಕೊಳ್ಳುವವನಿಗೆ ಮಾರುವವನಾಗಿ ನಡುವೆ ನಿಲ್ಲುತ್ತದೆ. ಎದುರಿನವನು ಕೈಕೊಟ್ಟರೂ ನಮ್ಮ ವ್ಯಾಪಾರ ಪೂರೈಸುವ ಹೊಣೆ ಇದರದ್ದು. ಇದಕ್ಕಾಗಿಯೇ ಮುಂಗಡವಾಗಿ ಮಾರ್ಜಿನ್ ಹಣ ಕಟ್ಟಿಸಿಕೊಳ್ಳುತ್ತದೆ. ಎನ್‌ಎಸ್‌ಇಯ ಇಂಥ ಸಂಸ್ಥೆ 1996ರ ಏಪ್ರಿಲ್‌ನಲ್ಲಿ ಕೆಲಸ ಶುರು ಮಾಡಿತು. ನಾಲ್ಕನೆಯದು ಡಿಪಾಸಿಟರಿ: ಷೇರುಗಳನ್ನು ಡಿಮ್ಯಾಟ್ ಖಾತೆಯಲ್ಲಿ ಇಡುವ ಸಂಸ್ಥೆ. ದೇಶದಲ್ಲಿ ಇರುವುದು ಎರಡೇ, 1996ರ ಎನ್‌ಎಸ್‌ಡಿಎಲ್ ಮತ್ತು 1999ರ ಸಿಡಿಎಸ್‌ಎಲ್. ನಾಲ್ಕರ ಮೇಲೂ ಸೆಬಿಯ ಕಣ್ಣು.

ಇಷ್ಟೊಂದು ಕೈಗಳು ಏಕೆ ಎಂದರೆ, ಒಂದೇ ಕೈಯಲ್ಲಿ ಎಲ್ಲವೂ ಇದ್ದಾಗ ಏನಾಯಿತು ಎಂಬುದನ್ನು ದೇಶ ನೋಡಿದೆ. ಕಾಗದದ ಷೇರುಗಳ ಕಾಲದಲ್ಲಿ ಖೋಟಾ ಪತ್ರಗಳು, ಸಹಿ ಹೊಂದುವುದಿಲ್ಲವೆಂದು ವಾಪಸ್ ಬರುವ ಪತ್ರಗಳು ದಿನನಿತ್ಯದ ಗೋಳಾಗಿದ್ದವು. 2001ರ ಮಾರ್ಚ್‌ನಲ್ಲಿ ಕಲ್ಕತ್ತಾ ಷೇರುಪೇಟೆಯಲ್ಲಿ ಬ್ರೋಕರುಗಳು ಹಣ ಕಟ್ಟಲಾಗದೆ ಪೇಟೆಯೇ ಕುಸಿಯಿತು. ವ್ಯಾಪಾರವನ್ನು ಮುಂದಿನ ವಾಯಿದೆಗೆ ಎಳೆಯುತ್ತಾ ಹೋಗುವ ಬದ್ಲಾ ಪದ್ಧತಿ ಅದೇ ವರ್ಷ ನಿಂತಿತು. ಹಣ-ಷೇರು ಕೈ ಬದಲಾಗುವ ಅವಧಿ 2002ರಲ್ಲಿ ಮೂರು ದಿನ, 2003ರಲ್ಲಿ ಎರಡು ದಿನಕ್ಕೆ ಇಳಿಯಿತು. 2023ರ ಜನವರಿಯಿಂದ ಎಲ್ಲಾ ಷೇರುಗಳಿಗೂ ಒಂದೇ ದಿನ. ನಾವು ಪುಸ್ತಕದಲ್ಲಿ ಬಾಯಿಪಾಠ ಮಾಡುವ ಒಂದೊಂದು ನಿಯಮದ ಹಿಂದೆಯೂ ಯಾರದೋ ಮುಳುಗಿದ ಹಣ ಇದೆ.

ಹಾಗೆಂದು ವ್ಯವಸ್ಥೆ ಎಡವುವುದೇ ಇಲ್ಲ ಎಂದಲ್ಲ. 2021ರ ಫೆಬ್ರವರಿ 24ರಂದು ತಾಂತ್ರಿಕ ದೋಷದಿಂದ ಎನ್‌ಎಸ್‌ಇ ಸುಮಾರು ನಾಲ್ಕು ತಾಸು ನಿಂತುಹೋಯಿತು. ಕೆಲವು ಬ್ರೋಕರುಗಳಿಗೆ ಎನ್‌ಎಸ್‌ಇಯ ಕಂಪ್ಯೂಟರುಗಳಿಂದ ಮಾಹಿತಿ ಬೇಗ ಸಿಗುತ್ತಿತ್ತು ಎಂಬ ಪ್ರಕರಣದಲ್ಲಿ, 2019ರಲ್ಲಿ ಸೆಬಿ 625 ಕೋಟಿ ರೂಪಾಯಿಯಷ್ಟು ಹಣವನ್ನು ಬಡ್ಡಿ ಸಮೇತ ಕಟ್ಟಲು ಎನ್‌ಎಸ್‌ಇಗೆ ಆದೇಶ ಮಾಡಿತು. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ಆ ಆದೇಶವನ್ನು ರದ್ದುಪಡಿಸಿದರೂ, ತಕ್ಕ ಎಚ್ಚರ ವಹಿಸಲಿಲ್ಲವೆಂದು 100 ಕೋಟಿ ಕಟ್ಟಲು ಹೇಳಿತು. ತಕ್ಕಡಿ ಹಿಡಿದವರ ಮೇಲೂ ಒಂದು ಕಣ್ಣಿರಬೇಕು ಎಂಬುದಕ್ಕೆ ಇದು ಸಾಕ್ಷಿ.

ವ್ಯವಸ್ಥೆ ಕೊಡದ ಭರವಸೆ

ಇಷ್ಟೆಲ್ಲಾ ಕಾವಲು ಇರುವುದು ವ್ಯಾಪಾರ ಪೂರೈಸುವುದಕ್ಕೆ ಮಾತ್ರ. ನಿಮಗೆ ಲಾಭವಾಗುತ್ತದೆ ಎಂಬ ಭರವಸೆಯನ್ನು ಈ ನಾಲ್ಕು ಕೈಗಳಲ್ಲಿ ಯಾವುದೂ ಕೊಡುವುದಿಲ್ಲ. ನೀವು ಗೆಲ್ಲಿ, ಸೋಲಿ, ಪ್ರತಿ ವ್ಯಾಪಾರಕ್ಕೂ ಬ್ರೋಕರಿಗೆ, ವಿನಿಮಯ ಕೇಂದ್ರಕ್ಕೆ, ಸರ್ಕಾರಕ್ಕೆ ಅವರವರ ಪಾಲು ಹೋಗುತ್ತದೆ.

ಭಾಯಿ ಕೊಂಡದ್ದು ನಿಫ್ಟಿ ಆಪ್ಷನ್. ನಿಫ್ಟಿ ಎಂದರೆ 50 ದೊಡ್ಡ ಕಂಪನಿಗಳ ಷೇರು ಬೆಲೆಯಿಂದ ಲೆಕ್ಕ ಹಾಕುವ ಸೂಚ್ಯಂಕ. ಅದು ಒಂದು ಅಂಕಿ, ಮಾಲಲ್ಲ. ಆಪ್ಷನ್ ಎಂಬುದು ನಮ್ಮ ಕಡೆ ಪ್ಲಾಟು, ಹೊಲ ಕೊಳ್ಳುವಾಗ ಕೊಡುವ ಸಂಚಕಾರದ ಹಾಗೆ. ಗಡುವಿನೊಳಗೆ ಅಂಕಿ ನಾವು ಅಂದುಕೊಂಡ ಕಡೆಗೆ ಸಾಕಷ್ಟು ಸರಿಯದಿದ್ದರೆ ಕೊಟ್ಟ ಹಣ ಹೋಯಿತು. ದಿನ ಕಳೆದಂತೆ ಅದರ ಬೆಲೆ ತಾನಾಗಿಯೇ ಕರಗುತ್ತದೆ. ಷೇರು ಇಳಿದರೆ ಮುಂದೆ ಏರಬಹುದು ಎಂದು ಇಟ್ಟುಕೊಳ್ಳಬಹುದು. ಗಡುವು ಮುಗಿದ ಆಪ್ಷನ್‌ನಲ್ಲಿ ಇಟ್ಟುಕೊಳ್ಳಲು ಏನೂ ಇರುವುದಿಲ್ಲ. ಆಪ್ಷನ್ ಮಾರಿದವರಿಗಂತೂ ನಷ್ಟ ಅವರು ಪಡೆದ ಹಣಕ್ಕಿಂತ ಎಷ್ಟೋ ಪಟ್ಟು ಆಗಬಹುದು.

2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ನೋಟಿಸ್ ಬೋರ್ಡಿಗೆ ಅಂಟಿಸಬೇಕು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93ರಷ್ಟು ಮಂದಿಗೆ ನಷ್ಟವಾಗಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕೇವಲ ಶುಲ್ಕಗಳಿಗೆಂದೇ ಜನರು ಸುಮಾರು 50,000 ಕೋಟಿ ಕೊಟ್ಟಿದ್ದಾರೆ. ಇಂಥ ವ್ಯಾಪಾರದಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ 43ಕ್ಕೆ ಏರಿದೆ. ಮುಕ್ಕಾಲು ಪಾಲಿನಷ್ಟು ಜನ ದೇಶದ ಮೊದಲ 30 ನಗರಗಳ ಹೊರಗಿನವರು, ಅಂದರೆ ನಮ್ಮಂಥ ಊರಿನವರು. ಇದಾದ ಮೇಲೆ ಸೆಬಿ ಸೂಚ್ಯಂಕದ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿತು, ವಾರದ ಕರಾರುಗಳ ಸಂಖ್ಯೆಯನ್ನೂ ಇಳಿಸಿತು. ಬೇಲಿ ಎತ್ತರವಾಗಿದೆ. ಆದರೂ ಹಾರುವವರು ಇದ್ದೇ ಇದ್ದಾರೆ.

ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ "ಇದು ಜೂಜಲ್ಲವೇ?" ಎಂಬ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರ ಇದೆ. ಕಂಪನಿಯ ಷೇರು ಎಂದರೆ ವ್ಯಾಪಾರದಲ್ಲಿ ಪಾಲುದಾರಿಕೆ, ಅದರ ಲಾಭ-ನಷ್ಟ ಎರಡಕ್ಕೂ ಪಾಲು. ಬಡ್ಡಿ ವ್ಯವಹಾರ, ಮದ್ಯದಂಥ ಉದ್ಯಮಗಳನ್ನು ಬಿಟ್ಟು ಲೆಕ್ಕ ಹಾಕುವ ನಿಫ್ಟಿ 50 ಶರಿಯಾ ಎಂಬ ಸೂಚ್ಯಂಕವೂ ಇದೆ. ಯಾವುದು ಸರಿ, ಯಾವುದು ಅಲ್ಲ ಎಂಬ ತೀರ್ಮಾನ ಉಲಮಾ ಅವರದ್ದು, ನನ್ನದಲ್ಲ. ಆದರೆ ಪಾಲುದಾರಿಕೆಗೂ ಗಡುವಿನ ದಿನದ ಅಂಕಿಯ ಮೇಲೆ ಹಣ ಕಟ್ಟುವುದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಆ ಪ್ರಶ್ನೆಯನ್ನು ಸರಿಯಾಗಿ ಕೇಳುವುದೂ ಆಗುವುದಿಲ್ಲ.

ನನ್ನ ಮೂರು ಕೋರಿಕೆ

ಮೊದಲನೆಯದು ಗೆಳೆಯ ಗೆಳತಿಯರಿಗೆ. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಪೋಷಕರ ಮೂಲಕ ನಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆ ಇರಬಹುದು, ಆದರೆ ನಾವು ಆಪ್ಷನ್ಸ್ ವ್ಯಾಪಾರ ಮಾಡುವಂತಿಲ್ಲ. ಅದಕ್ಕೇ ಕೆಲವರು ಅಣ್ಣನ, ಅಬ್ಬಾನ ಖಾತೆಯ ಪಾಸ್‌ವರ್ಡ್ ಬಳಸುತ್ತಾರೆ. ನಷ್ಟವಾದರೆ ಅದು ಅವರ ಹೆಸರಿಗೆ, ತೆರಿಗೆ ಇಲಾಖೆಗೆ ಲೆಕ್ಕ ಕೊಡಬೇಕಾದವರೂ ಅವರೇ. ದಯವಿಟ್ಟು ಅದನ್ನು ಬಿಡಿ. ಟೆಲಿಗ್ರಾಮ್ ಗುಂಪಿನಲ್ಲಿ ಟಿಪ್ಸ್ ಕೊಡುವವರು ಸೆಬಿಯಲ್ಲಿ ನೋಂದಣಿಯಾಗಿದ್ದಾರೆಯೇ ಎಂಬುದನ್ನು ಸೆಬಿಯ ಜಾಲತಾಣದಲ್ಲಿಯೇ ನೋಡಬಹುದು. ದೂರು ಕೊಡಲು ಸ್ಕೋರ್ಸ್ ಎಂಬ ವ್ಯವಸ್ಥೆ ಇದೆ. ಆದರೆ ತಿಳಿಯದೆ ಮಾಡಿದ ವ್ಯಾಪಾರದ ನಷ್ಟವನ್ನು ಅದು ತುಂಬಿಕೊಡುವುದಿಲ್ಲ.

ಎರಡನೆಯದು ನಮ್ಮ ಉಪನ್ಯಾಸಕರಿಗೆ. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಹಣಕಾಸು ಮಾರುಕಟ್ಟೆ ಎಂಬ ಅಧ್ಯಾಯ ಇದೆ. ಸೆಬಿಯ ಕಾರ್ಯಗಳನ್ನು ನಾವು ಪರೀಕ್ಷೆಗೆ ಬರೆದು ಮರೆಯುತ್ತೇವೆ. ಒಂದು ಬೆಳಿಗ್ಗೆ ನಮ್ಮನ್ನು ಎಪಿಎಂಸಿಗೆ ಕರೆದುಕೊಂಡು ಹೋಗಿ ಟೆಂಡರ್ ತೋರಿಸಿ. ಮರುದಿನ ತರಗತಿಯಲ್ಲಿ ಅರ್ಧ ಮಂದಿಯನ್ನು ಮಾರುವವರಾಗಿ, ಅರ್ಧ ಮಂದಿಯನ್ನು ಕೊಳ್ಳುವವರಾಗಿ ಕೂರಿಸಿ ಹಲಗೆಯ ಮೇಲೆ ಆರ್ಡರ್ ಸಾಲು ಬರೆಸಿ. ಖರ್ಚು ಏನೂ ಇಲ್ಲ. ವಿಜ್ಞಾನ, ಕಲಾ ವಿಭಾಗದವರನ್ನೂ ಕರೆಯಿರಿ, ಏಕೆಂದರೆ ಮೊಬೈಲ್ ಅವರ ಕೈಯಲ್ಲಿಯೂ ಇದೆ.

"ಇದನ್ನು ಹೇಳಿಕೊಟ್ಟರೆ ಮಕ್ಕಳು ಆ ದಾರಿ ಹಿಡಿಯುತ್ತಾರೆ" ಎಂದು ಕೆಲವರು ಹೇಳಬಹುದು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ದಾರಿ ಈಗಾಗಲೇ ತೆರೆದಿದೆ, ಜಾಹೀರಾತು ದಿನಾ ಕರೆಯುತ್ತಿದೆ. ಕಾಲೇಜು ಸುಮ್ಮನಿದ್ದರೆ ಟೆಲಿಗ್ರಾಮ್ ಗುಂಪೇ ನಮ್ಮ ಗುರು ಆಗುತ್ತದೆ.

ಮೂರನೆಯದು ಮನೆಯ ಹಿರಿಯರಿಗೆ. ಮಕ್ಕಳು ಹಣ ಕಳೆದಾಗ ಬೈಯುವ ಮೊದಲು ಕೇಳಿ. ಭಾಯಿ ಮೊದಲ 5,000 ಕಳೆದ ದಿನವೇ ಮನೆಯಲ್ಲಿ ಹೇಳುವ ಧೈರ್ಯ ಇದ್ದಿದ್ದರೆ ಉಳಿದ 79,000 ಉಳಿಯುತ್ತಿತ್ತು.

ಭಾಯಿ ಈಗ ಲಕ್ಷ್ಮೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಾ ತಿಂಗಳಿಗೆ ಇಷ್ಟು ಎಂದು ಮನೆಗೆ ಹಿಂದಿರುಗಿಸುತ್ತಿದ್ದಾನೆ. ಅವನ ತಂಗಿ ಈ ವರ್ಷ ನರ್ಸಿಂಗ್ ಸೇರಲಿಲ್ಲ, ಮುಂದಿನ ವರ್ಷ ಸೇರುತ್ತಾಳೆ, ಇನ್‌ಶಾ ಅಲ್ಲಾ. ಈ ಲೇಖನ ಬರೆಯುತ್ತೇನೆ ಎಂದಾಗ ಅವನು ಬೇಡ ಎನ್ನಲಿಲ್ಲ. "ಹೆಸರು ಹಾಕಬೇಡ, ಲೆಕ್ಕ ಮಾತ್ರ ಪೂರ್ತಿ ಬರಿ" ಎಂದ. ಬರೆದಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ